ನಾಲ್ಕು ಕಂಬದ ಚಪ್ಪರ

ಮಗಳ ನಿಶ್ಚಿತಾರ್ಥವಾದ ಐದನೇ ದಿನಕ್ಕೆ ಬೀಗರು ಚಪ್ಪರದ ಮಾತಾಡಲು ಬಂದರು. ಬೆಳಿಗ್ಗೆಯೇ ಬರುತ್ತೇವೆಂದು ಹೇಳಿಕಳಿಸಿದ್ದರಿಂದ ನಾನು ಅವಲಕ್ಕಿ ನೆನೆಸಿಟ್ಟು, ಹೊಲಿಗೆ ಮಿಷನ್ನನ್ನು ಮೂಲೆಗೆ ತಳ್ಳಿಸಿ, ಚಾಪೆ ಹಾಸಿದ್ದೆ. ನಮ್ಮವರು ದರ್ಜಿ. ಬೀಗರು ಬಾಗಿಲಿಗೆ ಬಂದಾಗಲೂ ಇವರ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಲೇ ಇತ್ತು. ತೆಗೆದಿಡಿ ಎಂದರೆ, "ಇರ್ಲಿ ಬಿಡೆ, ಇಲ್ದಿದ್ರೆ ಬರೀ ಕೊರಳು ಅನ್ಸುತ್ತೆ" ಅಂದರು.

ನಮ್ಮೂರಿನಲ್ಲಿ ಮದುವೆಯೆಂದರೆ ಮೊದಲು ತೀರ್ಮಾನವಾಗಬೇಕಾದದ್ದು ಮುಹೂರ್ತವಲ್ಲ, ಸೀರೆಯಲ್ಲ, ಊಟವೂ ಅಲ್ಲ. ಚಪ್ಪರ ಎಷ್ಟು ಕಂಬದ್ದು ಎನ್ನುವುದು. ಏಕೆಂದರೆ ಇಲ್ಲಿ ಒಬ್ಬರ ಕಾಲಿಗೆ ಐದು ಚಪ್ಪರ. ಸ್ವಂತ ಮದುವೆಯದೂ ಸೇರಿ ಐದು. ಆರನೆಯದರ ಅಂಚಿಗೆ ಬಂದರೆ ಕಾಲು ನಿಂತುಬಿಡುತ್ತದೆ. ನೋವಿಲ್ಲ, ಸೆಳೆತವಿಲ್ಲ. ಹಸಿಮಣ್ಣಿನಲ್ಲಿ ಹೂತ ಹಾಗೆ ನಿಲ್ಲುತ್ತದೆ, ಹಿಂದಕ್ಕೆ ತಿರುಗಿದರೆ ಮತ್ತೆ ನಡೆಯುತ್ತದೆ. ಹಾಲುಹಲ್ಲು ಬೀಳುವ ತನಕ ಮಕ್ಕಳಿಗೆ ಈ ಕಟ್ಟಿಲ್ಲ. ಹಾಗಾಗಿ ನಮ್ಮ ಮದುವೆಗಳ ತುಂಬ ಮಕ್ಕಳೇ. ದೊಡ್ಡವರು ಅವಕ್ಕೆ ತಲೆ ಬಾಚಿ, ಹೊಸ ಬಟ್ಟೆ ಹಾಕಿ ತಮ್ಮ ಬದಲಿಗೆ ಒಳಗೆ ಕಳಿಸುತ್ತಾರೆ; ಸಂಜೆ ಕೂರಿಸಿಕೊಂಡು ಏನೇನಾಯಿತೆಂದು ಕೇಳುತ್ತಾರೆ. ಮದುಮಗಳು ಎಷ್ಟು ಸಲ ಆಕಳಿಸಿದಳು, ಯಾರ ಎಲೆಯಲ್ಲಿ ಹೋಳಿಗೆ ಉಳಿಯಿತು, ಎಲ್ಲ ಗೊತ್ತಾಗುತ್ತದೆ, ತಾಳಿ ಯಾವಾಗ ಕಟ್ಟಿದರು ಎನ್ನುವುದೊಂದು ಬಿಟ್ಟು. ನನ್ನ ಮಗಳು ಹೇಮಾಕ್ಷಿ, ನಮ್ಮ ಹೇಮಿ, ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಲಗ್ನದ ತಿಂಗಳುಗಳಲ್ಲಿ ಅವಳ ಮುಂದೆ ಖಾಲಿ ಚಾಪೆ ಬಿದ್ದಿರುತ್ತದೆ.

ಪುರೋಹಿತರು ಎದುರುಮನೆಯ ಜಗಲಿಯಲ್ಲಿ ಕೂತು ಮಂತ್ರ ಕೂಗುತ್ತಾರೆ. ಗಂಟಲು ಗಟ್ಟಿಯಿಲ್ಲದವರಿಗೆ ನಮ್ಮಲ್ಲಿ ಪೌರೋಹಿತ್ಯ ನಡೆಯುವುದಿಲ್ಲ. ಫೋಟೋದವನು ಏಣಿ ಹತ್ತುತ್ತಾನೆ. ಅಡುಗೆಯವರು ಅಂಚಿನಲ್ಲಿ ನಿಂತು ಪಾತ್ರೆಗಳನ್ನು ಒಳಗೆ ಚಾಚುತ್ತಾರೆ. ಕಟ್ಟಿರುವುದು ಕಾಲಿಗೆ ಮಾತ್ರ, ಕೈಗಿಲ್ಲ. ಹೊರಗೆ ಎಷ್ಟು ಸಾವಿರ ಜನ ಉಂಡುಹೋದರೂ ಅದು ಬಂದಂತಲ್ಲ. ಮರುದಿನ ಬೀದಿಯಲ್ಲಿ ಕೇಳುವುದು ಒಂದೇ ಮಾತು: "ಎಷ್ಟು ಜೋಡಿ ಕಾಲು ಬಂತು?"

ಹುಡುಗನ ತಾಯಿ ಹಾಲಮ್ಮನವರು ಅವಲಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟು ಮಡಿಲಿನಿಂದ ಒಂದು ಹಾಳೆ ತೆಗೆದರು. "ನಲವತ್ತೊಂದು ಜೋಡಿ," ಎಂದರು. ಮುಖ ಬೆಳಗಿತ್ತು. "ತಿಪ್ಪೇಶ ಹುಟ್ಟಿದ ವರ್ಷದಿಂದ ಒಬ್ಬೊಬ್ರನ್ನೇ ಕೇಳಿ ಇಟ್ಕೊಂಡಿದೀನಿ. ಇವ್ರನ್ನ ನೆಚ್ಕೊಂಡಿದ್ರೆ ಆಗ್ತಿತ್ತಾ? ಇವ್ರು ನಮ್ಮ ಮದ್ವೇಗೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ವಾಲಿಬಾಲ್ ಗೆಳೆಯರ ಮದ್ವೇಲೇ ಮುಗಿಸ್ಕೊಂಡು ಕೂತ್ರು. ಮೀಸೆ ಪೂರ್ತಿ ಬಂದಿರ್ಲಿಲ್ಲ ಆಗ."

ಅವರ ಯಜಮಾನರು ತಲೆ ತಗ್ಗಿಸಿ ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕಿದರು. ಇಪ್ಪತ್ತೈದು ವರ್ಷ ಕೇಳಿದ ಮಾತು, ಇನ್ನೊಂದು ಸಲ ಕೇಳಿಸಿಕೊಂಡರು.

"ಇಪ್ಪತ್ತನಾಲ್ಕು ಕಂಬ ಹಾಕ್ಸೋಣ," ಎಂದು ಹಾಲಮ್ಮನವರು ಮುಂದುವರಿಸಿದರು. "ಬೇಕರಿ ಪಕ್ಕದ ಬಯಲಿದೆಯಲ್ಲ, ಅಲ್ಲಿ. ನಮ್ ತಿಪ್ಪೇಶಂಗೂ ಹತ್ರ, ಒಲೆ ಕಡೆ ಕಣ್ಣಿಟ್ಟಿರ್ತಾನೆ."

ತಿಪ್ಪೇಶ ಆ ಬೇಕರಿಯಲ್ಲಿ ಬನ್ನು ಬೇಯಿಸುವವನು. "ಮದ್ವೆ ದಿನಾನೂ ಬನ್ನು ನೋಡ್ಬೇಕೇನವ್ವಾ?" ಎಂದ. ಹೇಮಿ ನಕ್ಕಳು.

"ನಿಮ್ಮ ಕಡೆಯಿಂದ ಎಷ್ಟು ಬೀಗ್ರೇ?" ಎಂದು ಹಾಲಮ್ಮನವರು ನಮ್ಮವರನ್ನು ಕೇಳಿದರು.

"ನಮ್ದು ದೊಡ್ಡ ಬಳಗ ಅಲ್ಲ. ಒಂದೊಂಬತ್ತು ಜನ ಆಗ್ತಾರೆ. ನಾನು ಒಂದು ಉಳಿಸ್ಕೊಂಡಿದೀನಿ, ಇವಳೂ ಒಂದು ಉಳಿಸ್ಕೊಂಡಿದಾಳೆ," ಎಂದು ನಮ್ಮವರು ನನ್ನ ಕಡೆ ಕೈ ಮಾಡಿದರು. ಆ ದನಿಯಲ್ಲಿ ಇದ್ದ ಹೆಮ್ಮೆ ನನ್ನ ಎದೆಗೆ ನಾಟಿತು.

ಕಾಫಿ ಲೋಟಗಳನ್ನು ಇಳಿಸಿ ನಾನು ಅಲ್ಲೇ ಕೂತೆ. ನಿಂತು ಹೇಳುವ ಮಾತಾಗಿರಲಿಲ್ಲ.

"ನನ್ನದು ಉಳಿದಿಲ್ಲ," ಎಂದೆ.

ನಮ್ಮವರು ನಕ್ಕರು. "ಏನೇ ಇದು? ನಮ್ಮ ಮದ್ವೆ ಒಂದು, ನಿಮ್ಮಣ್ಣಂದು, ನನ್ನ ತಂಗೀದು, ನಿನ್ನ ತಂಗೀದು. ನಾಲ್ಕೇ ಅಲ್ವಾ?"

"ಮೂರು ವರ್ಷದ ಹಿಂದೆ ಇನ್ನೊಂದಕ್ಕೆ ಹೋದೆ. ದೇವೀರಿ ಅಂತ ಒಂದು ಹುಡುಗಿ. ಮಗ್ಗದ ಬೀದೀಲಿ ನೂಲಿನ ಕಂಡಿಕೆ ಸುತ್ತೋಳು."

"ಅವಳ್ಯಾರು ನಿಮಗೆ?" ಎಂದರು ಹಾಲಮ್ಮನವರು.

"ಯಾರೂ ಅಲ್ಲ."

ಅಂದು ನಾನು ಮಗ್ಗದ ಬೀದಿಗೆ ರವಿಕೆಗಳನ್ನು ಕೊಡಲು ಹೋಗಿದ್ದೆ. ಬೀದಿಯ ಕೊನೆಯಲ್ಲಿ ನಾಲ್ಕು ಕಂಬದ ಚಪ್ಪರವೊಂದು ಎದ್ದಿತ್ತು. ನಮ್ಮೂರಿನಲ್ಲಿ ನಾಲ್ಕು ಕಂಬ ಹಾಕುವುದು ಯಾರೂ ಇಲ್ಲದವರು. ಒಳಗೆ ಹುಡುಗ, ಹುಡುಗಿ, ಹುಡುಗನ ಅಣ್ಣ, ಮತ್ತೆ ಲಾಡು ತಿನ್ನುವ ಆರೇಳು ಮಕ್ಕಳು. ಧಾರೆಯ ಹೊತ್ತು. ಹುಡುಗ ಹುಡುಗಿಯ ಕೈ ಕೂಡಿಸಿ ಹಿಡಿದ ಮೇಲೆ ನೀರು ಬಿಡಬೇಕಾದವಳು ಹೆತ್ತವಳು. ಅವಳಿಲ್ಲದಿದ್ದರೆ ಆ ಕಡೆಯ ಹಿರಿಯ ಹೆಂಗಸು. ಪುರೋಹಿತರು ಜಗಲಿಯಿಂದ "ಹುಡುಗಿ ಕಡೆಯೋರು ಯಾರಿದೀರಿ?" ಎಂದು ಕೂಗಿದರು. ಸ್ವಲ್ಪ ತಡೆದು ಮತ್ತೆ ಕೂಗಿದರು. ಬೀದಿಯ ತುಂಬ ಹೆಂಗಸರಿದ್ದರು, ಒಬ್ಬೊಬ್ಬರೂ ಯಾರಿಗಾಗಿಯೋ ಉಳಿಸಿಕೊಂಡವರೇ. ಯಾರೂ ಕೆಟ್ಟವರಲ್ಲ. ಚಪ್ಪರದೊಳಗೆ ಆ ಹುಡುಗಿ ಚಾಚಿದ ಕೈಯನ್ನು ಕೆಳಗಿಳಿಸದೆ ನೆಲ ನೋಡುತ್ತಿದ್ದಳು. ಆ ಹೊತ್ತಿಗೆ ಹೇಮಿಯ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು. ಆದರೂ ರವಿಕೆಯ ಗಂಟನ್ನು ಜಗಲಿಯ ಮೇಲಿಟ್ಟು ಒಳಗೆ ಹೋದೆ.

ಮನೆಗೆ ಬಂದು ಹೇಳಬೇಕೆಂದಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುವುದು ಮೂರು ವರ್ಷವಾಯಿತು.

ಇದನ್ನೆಲ್ಲ ನಾನು ಅವರ ಮುಂದೆ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಹೇಳಿದಷ್ಟೇ ಸಾಕಾಯಿತು. ನಮ್ಮವರು ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಹೇಮಿ ಎದ್ದು ಒಳಗೆ ಹೋದಳು. ತಿಪ್ಪೇಶ ಅವಳು ಹೋದ ಕಡೆ ನೋಡಿದ, ನನ್ನ ಕಡೆ ನೋಡಿದ, ಲೋಟದ ಕಾಫಿ ಆರಲು ಬಿಟ್ಟ.

ಹಾಲಮ್ಮನವರು ಮಾತ್ರ ಗಟ್ಟಿ ಹೆಂಗಸು. "ಆಗಿದ್ದು ಆಗೋಯ್ತು ಬಿಡಿ," ಎಂದರು. "ನಿಮ್ಮ ನಾದಿನಿ ಇದಾರಲ್ಲ, ಹುಡುಗಿಗೆ ಸೋದರತ್ತೆ. ಅವ್ರ ಕೈಲಿ ನೀರು ಬಿಡ್ಸಿದ್ರಾಯ್ತು. ನೀವು ಹೊರಗೆ ಚೆನ್ನಾಗಿರೋ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ, ನಮ್ ಯಜಮಾನ್ರ ಪಕ್ಕ. ಅವ್ರಿಗೂ ಜೊತೆ ಆಗುತ್ತೆ."

ಅದು ತೀರ ಸರಿಯಾದ ಮಾತು. ನಾನು ಒಪ್ಪಿಕೊಂಡೆ.

ಎರಡು ದಿನ ಹೇಮಿ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಂದಳು, ತಟ್ಟೆ ತೊಳೆದಿಟ್ಟಳು, ಹೋದಳು. ನಾನು ಬೆನ್ನು ಹತ್ತಲಿಲ್ಲ. ಚಿಕ್ಕಂದಿನಿಂದಲೂ ಅವಳು ಹಾಗೆಯೇ, ಕೋಪವನ್ನು ತಾನೇ ಹದಕ್ಕೆ ತಂದುಕೊಂಡು ಬರುತ್ತಾಳೆ. ಮಧ್ಯದಲ್ಲಿ ಕೈ ಹಾಕಿದರೆ ಕೆಡುತ್ತದೆ. ಮೂರನೇ ದಿನ ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಾಗ ಬಂದು ಎದುರು ಕೂತಳು. ತಾನೂ ಆರಿಸತೊಡಗಿದಳು.

"ನನ್ನ ನೆನಪಾಗ್ಲಿಲ್ವಾ ಅವ್ವಾ ನಿಂಗೆ?"

"ಆಯ್ತು."

"ಆದ್ರೂ ಹೋದ್ಯಾ?"

"ಆದ್ರೂ ಹೋದೆ."

ಅವಳು ಒಂದು ಕಲ್ಲು ಆರಿಸಿ ಎಸೆದಳು. ಕಣ್ಣು ತುಂಬಿತ್ತು, ದನಿ ಮಾತ್ರ ನೇರವಾಗಿತ್ತು. "ನೆನಪಾಗ್ಲಿಲ್ಲ ಅಂದಿದ್ರೆ ಜಗಳ ಆಡೋಣ ಅಂತ ಬಂದಿದ್ದೆ."

"ಆಡು. ಅಕ್ಕಿ ಮುಗಿಯೋವರ್ಗೂ ಹೊತ್ತಿದೆ."

ಅವಳಿಗೆ ನಗು ಬಂತು, ಅದನ್ನು ನುಂಗಿಕೊಂಡಳು. "ಅವಳು ಯಾರೋ ಏನೋ, ಅವಳ ಕೈಗೆ ನೀರು ಬಿಟ್ಟೆ. ನನ್ನ ಕೈಗೂ ನೀನೇ ಬಿಡ್ಬೇಕು. ಸೋದರತ್ತೆ ಬೇಡ, ಇನ್ಯಾರೂ ಬೇಡ. ಇಲ್ಲ ಅಂದ್ರೆ ನಾನು ಧಾರೆಗೆ ಕೈ ಚಾಚಲ್ಲ."

"ಹೇಗೇ ಆಗುತ್ತೆ? ನನ್ನ ಕಾಲು ಬರಲ್ಲ."

"ಕಾಲು ಬರಲ್ಲ. ಕೈ ಬರುತ್ತಲ್ಲ," ಎಂದಳು. "ಪಾಯಸದ ಕೊಳಗ ಒಳಗೆ ಬರೋವಾಗ ನೀರಿನ ಚೆಂಬು ಬರಲ್ವಾ?"

ನಾನು ಅಕ್ಕಿ ಬಿಟ್ಟು ಅವಳನ್ನು ನೋಡಿದೆ. ಆಲೋಚನೆಯನ್ನು ಅವಳು ಎರಡು ದಿನದಲ್ಲಿ ಪೂರ್ತಿ ಅರೆದು ನುಣ್ಣಗೆ ಮಾಡಿಟ್ಟಿದ್ದಳು. ಧಾರೆ ಆಗಬೇಕಾದ್ದು ಹಾಲುಗಂಬದ ಬುಡದಲ್ಲಿ. ಹಾಲುಗಂಬ ನಿಲ್ಲಬೇಕಾದ್ದು ಚಪ್ಪರದ ನಟ್ಟನಡುವೆ. ಅವೆರಡನ್ನೂ ಯಾರೂ ಬದಲಿಸಲಾರರು. ಇಪ್ಪತ್ತನಾಲ್ಕು ಕಂಬದ ಚಪ್ಪರದಲ್ಲಿ ಅಂಚಿನಿಂದ ಹಾಲುಗಂಬಕ್ಕೆ ಹದಿನೈದು ಅಡಿ. ನಾಲ್ಕು ಕಂಬದ್ದಾದರೆ, ಅದನ್ನೂ ಇಕ್ಕಟ್ಟಾಗಿ ಹಾಕಿದರೆ, ಒಂದು ಕೈಯಳತೆ.

"ಅಪ್ಪಾ, ಟೇಪ್ ತಗೊಂಡ್ಬಾ," ಎಂದು ಅವಳು ಕೂಗಿದಳು.

ನಮ್ಮವರು ಬಂದು ನನ್ನ ತೋಳನ್ನು ಅಳೆದರು. ಮೂರು ದಿನದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಭುಜದಿಂದ ಬೆರಳ ತುದಿಗೆ ಇಪ್ಪತ್ತಾರು ಇಂಚು. "ಬಗ್ಗಿದ್ರೆ ಇನ್ನೂ ಒಂದಡಿ ಸಿಗುತ್ತೆ," ಎಂದರು. ಆಮೇಲೆ ಟೇಪು ಸುತ್ತುತ್ತ, ನನ್ನ ಮುಖ ನೋಡದೆ, "ಆ ಹುಡುಗೀಗೆ ಏನು ಮಕ್ಳು?" ಎಂದು ಕೇಳಿದರು.

"ಗಂಡು ಒಂದು," ಎಂದೆ.

"ಸರಿ ಬಿಡು."

ಅಷ್ಟೇ. ಇಪ್ಪತ್ತೇಳು ವರ್ಷ ಜೊತೆಯಲ್ಲಿ ಬಾಳಿದವರಿಗೆ ಅಷ್ಟು ಸಾಕು.

ಹಾಲಮ್ಮನವರಿಗೆ ಅದು ಸಾಲುವಂತಿರಲಿಲ್ಲ. ಮರುದಿನ ತಿಪ್ಪೇಶ ಬನ್ನಿನ ಪೊಟ್ಟಣ ಹಿಡಿದು ಬಂದ. ಹೇಮಿ ಅವನಿಗೆ ಆಗಲೇ ಹೇಳಿಯಾಗಿತ್ತು. "ಅತ್ತೆ, ನಂಗೆ ನಾಲ್ಕು ಕಂಬಾನೇ ಸಾಕು. ಕಂಬ ಇಲ್ದಿದ್ರೂ ಸಾಕು," ಎಂದ. "ಅವ್ವ ಒಪ್ಪಲ್ಲ. ನಿನ್ನೆಯಿಂದ ಊಟ ಬಿಟ್ಟವಳೆ. ಬನ್ನು ಮಾತ್ರ ತಿಂತಾಳೆ, ಅದು ಊಟ ಅಲ್ಲ ಅಂತ."

ಅಂದೇ ಮಧ್ಯಾಹ್ನ ನಾನೂ ಹೇಮಿಯೂ ಅವರ ಮನೆಗೆ ಹೋದೆವು. ಹಾಲಮ್ಮನವರು ಹಿತ್ತಲಲ್ಲಿ ಸಂಡಿಗೆ ಹಾಕುತ್ತಿದ್ದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ನಾನು ಕೈ ತೊಳೆದುಕೊಂಡು ಪಕ್ಕದಲ್ಲಿ ಕೂತು ಹಿಟ್ಟಿಗೆ ಕೈ ಹಾಕಿದೆ.

"ನನ್ನ ಮಗನ ಮದ್ವೆಗೆ ನಾಲ್ಕು ಕಂಬ," ಎಂದರು ಅವರು, ಹಿಟ್ಟಿನ ಜೊತೆ ಮಾತಾಡುವವರ ಹಾಗೆ. "ಗತಿಗೆಟ್ಟೋರು ಹಾಕೋ ಚಪ್ಪರ. ನಾಳೆ ಊರೋರು ಎಷ್ಟು ಕಾಲು ಬಂತು ಅಂತ ಕೇಳಿದ್ರೆ ಏನಂತ ಹೇಳ್ಲಿ? ಮೂರು ಮದ್ವೆಗೆ ಹೋಗಿದೀನಿ ಕಣ್ರೀ ನಾನು, ಇಷ್ಟ ಇಲ್ದಿದ್ರೂ. ಮಾತೇ ಆಡ್ದಿರೋ ಓರಗಿತ್ತಿ ಮಗಳ ಮದ್ವೆಗೂ ಹೋದೆ. ಯಾಕೆ? ನಾಳೆ ಅವ್ರು ನನ್ನ ಮಗನಿಗೆ ಬರ್ಲಿ ಅಂತ. ನೀವು ಕೊಟ್ರಿ ಕಾಲು, ಯಾರೋ ಬೀದೀಲಿ ನಿಂತಿರೋ ಹುಡುಗೀಗೆ. ನಾನೂ ಕೊಟ್ಟಿದೀನಿ. ನಂದು ಕೊಟ್ಟಿದ್ದಲ್ವಾ?"

ನಿಜವಾಗಿಯೂ ಕೊಟ್ಟಿದ್ದರು. ಇಪ್ಪತ್ತೈದು ವರ್ಷ ಒಂದೇ ದಿನಕ್ಕಾಗಿ ಕಾದು ಕೂತ ಹೆಂಗಸು. ನಾನು ಒಂದು ಕ್ಷಣದಲ್ಲಿ ಕಳೆದದ್ದನ್ನು ಅವರ ಕೈಯಿಂದ ಕಿತ್ತು ತುಂಬಿಸಿಕೊಳ್ಳಲು ಹೊರಟಿದ್ದೆನಲ್ಲ ಎನ್ನಿಸಿತು.

"ನೀವು ಹೇಳೋದು ಸರಿ," ಎಂದೆ. "ನನ್ನ ನಾದಿನೀನೇ ಬಿಡ್ಲಿ ನೀರು."

"ಇಲ್ಲ," ಎಂದಳು ಹೇಮಿ. ನಿಂತೇ ಇದ್ದಳು. "ಅತ್ತೆ, ಆ ನಲವತ್ತೊಂದು ಜನಾನೂ ಬರ್ಲಿ. ಕರೀರಿ. ನಾನೇ ಮನೆಮನೆಗೆ ಬಂದು ಕರೀತೀನಿ. ಎಲ್ರೂ ಸುತ್ತಾ ನಿಂತ್ಕೊಳ್ಳಲಿ, ಕೈಯಳತೇಲಿ. ಅವ್ರ ಕಾಲು ಅವ್ರಿಗೇ ಉಳೀಲಿ, ಅವ್ರ ಮಕ್ಕಳಿಗೆ ಆಗುತ್ತೆ."

"ಹೊರಗೆ ನಿಂತ್ರೆ ಬಂದಂಗೇನೇ?" ಎಂದರು ಹಾಲಮ್ಮನವರು ಸಿಟ್ಟಿನಿಂದ.

ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು. "ನಾನು ಹೊರಗೇ ನಿಲ್ಲೋಳು ಬೀಗ್ರೇ. ನಾನು ಬಂದಂಗಲ್ವಾ?"

ಹಾಲಮ್ಮನವರ ಕೈ ನಿಂತಿತು. ನನ್ನನ್ನು ನೋಡಿದರು. ಆಮೇಲೆ ಹಿತ್ತಲ ಜಗಲಿಯ ಕಡೆ ನೋಡಿದರು. ಅಲ್ಲಿ ಅವರ ಯಜಮಾನರು ಒಬ್ಬರೇ ಕೂತು, ಕಾಗೆ ಬರದ ಹಾಗೆ ಸಂಡಿಗೆಯ ಚಾಪೆಗಳನ್ನು ಕಾಯುತ್ತಿದ್ದರು. ಅವರಿಗೆ ನಮ್ಮ ಮಾತು ಕೇಳಿಸಿತ್ತೋ ಇಲ್ಲವೋ, ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಮತ್ತೆ ಎರಡು ಸಾಲು ಸಂಡಿಗೆ ಹಾಕಿದೆವು.

"ನಾನು ಮಾತ್ರ ಹೊರಗೆ ನಿಲ್ಲಲ್ಲ," ಎಂದರು ಕೊನೆಗೆ. "ನಂದು ಒಂದು ಇಟ್ಕೊಂಡಿದೀನಿ. ಅದನ್ನ ನನ್ನ ಮಗನಿಗೇ ಹಾಕೋದು. ಒಳಗೇ ನಿಲ್ತೀನಿ."

"ನಿಲ್ಲಿ ಅತ್ತೆ," ಎಂದಳು ಹೇಮಿ.

"ನನ್ನ ಮೈ ನೋಡಿದೀಯಾ? ನಾನು ನಿಂತ್ರೆ ಕೈಯಳತೇಲಿ ಇನ್ಯಾರು ಹಿಡೀತಾರೆ?"

"ಅಪ್ಪ ಅಳೀತಾರೆ."

"ನನ್ನನ್ನಾ?" ಎಂದರು ಹಾಲಮ್ಮನವರು, ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡರು. ಅಷ್ಟು ದಿನದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಒಪ್ಪಿದರೆಂದು ಅವರು ಹೇಳಲಿಲ್ಲ. ಭಾನುವಾರ ಗೂಟ ಹೊಡೆದು ಅಳತೆ ತೋರಿಸಿ, ಬಂದು ನೋಡುತ್ತೇನೆ, ಕೈಗೆ ನೀರು ಬಿದ್ದರೆ ಸರಿ, ಬೀಳದಿದ್ದರೆ ಇಪ್ಪತ್ತನಾಲ್ಕು ಕಂಬ, ಆಮೇಲೆ ಮಾತಿಲ್ಲ ಎಂದರು.

ಭಾನುವಾರ ನಮ್ಮ ಮನೆಯ ಮುಂದೆಯೇ ನಾಲ್ಕು ಗೂಟ ಹೊಡೆದು ಹಗ್ಗ ಸುತ್ತಿದೆವು. ನಡುವೆ ಹಾಲುಗಂಬವೆಂದು ನಮ್ಮ ಒನಕೆಯನ್ನು ನೆಟ್ಟೆವು. ಬೀಗರಿಬ್ಬರೂ ಬಂದರು. ಓಣಿಯವರೂ ಬಂದರು, ಕರೆಯದೆಯೇ. ಒನಕೆಯ ಬುಡದಲ್ಲಿ ಹೇಮಿ, ತಿಪ್ಪೇಶ ಎದುರುಬದುರು ನಿಂತರು. ನಮ್ಮವರು ಮಗಳ ಹಿಂದೆ ಸೇರಿಕೊಂಡರು. ಹಾಲಮ್ಮನವರು ಸೆರಗು ಸಿಕ್ಕಿಸಿ, ಉಸಿರೆಳೆದುಕೊಂಡು, ಹಗ್ಗ ಎತ್ತಿ ಒಳಗೆ ಬಂದರು. ಒಳಗೆ ಬಂದದ್ದೇ ನಮ್ಮವರ ಮೂಗು ಒನಕೆಗೆ ತಾಗಿತು.

"ಬೀಗ್ರೇ, ಸ್ವಲ್ಪ ಆ ಕಡೆ," ಎಂದರು ನಮ್ಮವರು.

"ಆ ಕಡೆ ಅಂದ್ರೆ ಓಣಿಗೆ ಹೋಗ್ಬೇಕು," ಎಂದರು ಹಾಲಮ್ಮನವರು.

"ಅವ್ವಾ, ನನ್ನ ಕಾಲು ತುಳೀತಿದೀಯ," ಎಂದ ತಿಪ್ಪೇಶ.

"ತುಳಿಸ್ಕೋ. ನಿನಗೋಸ್ಕರಾನೇ ಬಂದಿರೋದು."

ನಾನು ಹಗ್ಗದ ಹೊರಗೆ ನಿಂತೆ. ಮೇಲೆ ಗರಿಯಿರಲಿಲ್ಲ, ಸೊಪ್ಪಿರಲಿಲ್ಲ. ಬರೀ ಹಗ್ಗವನ್ನು ನನ್ನ ಕಾಲು ದಾಟಬಹುದಿತ್ತು. ದಾಟಲಿಲ್ಲ. ಚೆಂಬನ್ನು ಹಿಡಿದು ಬಗ್ಗಿದೆ. ಹೇಮಿಯ ಕೈ ತಿಪ್ಪೇಶನ ಕೈಯ ಮೇಲಿತ್ತು. ಮಗುವಾಗಿದ್ದಾಗ ನಾನು ಹಿಡಿದು ನಡೆಸಿದ ಕೈ. ನಾನು ಚೆಂಬು ಬಾಗಿಸಿದೆ. ನೀರು ಅವರ ಬೆರಳಿಗಿಂತ ಒಂದು ಗೇಣು ಈಚೆಗೆ, ನೆಲಕ್ಕೆ ಬಿತ್ತು.

ಇನ್ನೂ ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಎರಡನೇ ಸಲವೂ ನೀರು ಮಣ್ಣಿಗೇ. ಹೇಮಿ ಮುಂದಕ್ಕೆ ವಾಲಲು ನೋಡಿದಳು, "ಹಾಲುಗಂಬ ಬಿಟ್ಟು ಬರಂಗಿಲ್ಲ!" ಎಂದು ಓಣಿಯ ಮುದುಕಿಯೊಬ್ಬಳು ಎಚ್ಚರಿಸಿದಳು. ಚೆಂಬಿನಲ್ಲಿ ಅರ್ಧ ನೀರು ಉಳಿದಿತ್ತು. ನೀರು ಬೀಳದಿದ್ದರೆ ಎಂದು ಹಾಲಮ್ಮನವರು ಹೇಳಿದ ಮಾತು ನನಗೆ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ತೋಳನ್ನು ಮತ್ತೆ ಚಾಚಿದೆ. ಬಿಡುವ ಮನಸ್ಸಿರಲಿಲ್ಲ. ಮೂರನೆಯದಕ್ಕೆ ಬೀಳದಿದ್ದರೆ ನಾಲ್ಕನೆಯದು ಎಂದುಕೊಂಡೆ.

"ತಡೀರಿ," ಎಂದರು ಹಾಲಮ್ಮನವರು.

ಅವರು ಹಗ್ಗದಡಿಯಿಂದ ಬಗ್ಗಿ ನನ್ನ ಪಕ್ಕದ ಗೂಟಕ್ಕೆ ಕೈ ಹಾಕಿದರು. ಒಂದು ಸಲ ಅಲುಗಾಡಿಸಿ ಕಿತ್ತರು. ಒಂದು ಗೇಣು ಒಳಗೆ ತಂದು, ಕಲ್ಲು ತೆಗೆದುಕೊಂಡು ತಾವೇ ಹೊಡೆದರು. ಆಚೆಯ ಗೂಟವನ್ನೂ ಹಾಗೆಯೇ ಮಾಡಿದರು. ನಡು ಒನಕೆಗೆ ಬರಲೆಂದು ಹಿಂದಿನ ಎರಡನ್ನೂ ಒಂದೊಂದು ಗೇಣು ಒಳಗೆ ತಂದರು. ಈಗ ಅವರಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಆದರೂ ಒಳಗೆ ಬಂದು, ಮಗನ ಬೆನ್ನಿಗೆ ಎದೆಯಾನಿಸಿ, ಎರಡು ಕೈಯಿಂದ ಅವನ ಸೊಂಟ ಹಿಡಿದುಕೊಂಡು, ಹೊಟ್ಟೆ ಒಳಗೆಳೆದುಕೊಂಡು ನಿಂತರು.

"ಈಗ ಬಿಡಿ," ಎಂದರು, ಉಸಿರು ಬಿಗಿಹಿಡಿದೇ.

ನಾನು ಬಗ್ಗಿ ಚೆಂಬು ಬಾಗಿಸಿದೆ. ನೀರು ಹೇಮಿಯ ಬೆರಳುಗಳ ಮೇಲೆ ಬಿತ್ತು, ಅಲ್ಲಿಂದ ತಿಪ್ಪೇಶನ ಅಂಗೈಗಿಳಿಯಿತು. ಚೆಂಬು ಬರಿದಾಗುವ ತನಕ ಬಿಟ್ಟೆ. ಹೇಮಿ ನನ್ನನ್ನೇ ನೋಡುತ್ತಿದ್ದಳು.

ಹಾಲಮ್ಮನವರು ಉಸಿರು ಬಿಟ್ಟರು. ಹಗ್ಗ ನಾಲ್ಕೂ ಕಡೆ ಉಬ್ಬಿತು.

"ಏನು ನೋಡ್ತಾ ನಿಂತ್ರಿ?" ಎಂದು ಅವರು ಹೊರಗಿದ್ದ ಯಜಮಾನರಿಗೆ ಕೂಗಿದರು. "ಹಾರೆ ತನ್ನಿ. ಗೂಟ ಇರೋ ಕಡೇನೇ ಗುಂಡಿ ತೋಡಿ."